ತೋಳಹೆಂಗಸಿನ ಹೆಜ್ಜೆ ಸಾಲು

ಅಂಚೆ ಚೀಲ ಹೆಗಲಿಗೇರಿಸಿ ಮೂವತ್ತು ವರ್ಷ ಒಬ್ಬಳೇ ಕಾಡು ದಾಟಿದವಳು ವೈಕೆ. ಎಸ್ಟೋನಿಯಾದ ಆ ಹಳ್ಳಿಯಲ್ಲಿ ಅವಳ ಅಡ್ಡಹೆಸರು ತೋಳಹೆಂಗಸು. ಮದುವೆಯಿಲ್ಲ, ಮಕ್ಕಳಿಲ್ಲ, ಕಾಡಿನ ಭಯವಂತೂ ಇಲ್ಲವೇ ಇಲ್ಲ, ಜನ ಇನ್ನೇನನ್ನಬೇಕು! ಅವಳೇನು ಕಮ್ಮಿಯೇ? ಹಾಗಂದವರ ಬಾಗಿಲಲ್ಲಿ ಒಮ್ಮೆ ಊಳಿಟ್ಟೇ ಕಾಗದ ಕೊಡುತ್ತಿದ್ದಳು.

ಒಂದು ಫೆಬ್ರವರಿ ಶನಿವಾರ, ನೆರೆಮನೆಯ ಎಂಡೆಲನ ಒಂದು ಕುರಿ ತೋಳದ ಬಾಯಿಗೆ ಹೋಯಿತು. ಹಿಮದ ಭಾರಕ್ಕೆ ಕೊಟ್ಟಿಗೆಯ ಮಾಡು ಕುಸಿದಿತ್ತು. ಉಳಿದ ಹನ್ನೊಂದು ಗಬ್ಬದ ಕುರಿಗಳು ಬಯಲಲ್ಲೇ ನಿಂತಿದ್ದವು. ಹಿಮದ ಮೇಲೆ ಒಂದೇ ಸಾಲು ಹೆಜ್ಜೆ.

"ತೋಳ ಆದ್ರೆ ಹಿಂಡುಗಟ್ಟಿ ಬರುತ್ತೆ. ಒಂಟಿಯಾಗಿ ಬರೋದು ತೋಳಹೆಂಗಸೇ," ಎಂಡೆಲ್ ಕಣ್ಣು ಮಿಟುಕಿಸಿದ. "ನಿಜ ಹೇಳು ಮಾರಾಯ್ತಿ, ರುಚಿಯಾಗಿತ್ತಾ?"

"ನಿನ್ನ ಕುರಿನೂ ನಿನ್ನ ಹಾಗೇ, ಬರೀ ಮೂಳೆ. ಉಳಿದವನ್ನ ಇವತ್ತೇ ಒಳಗೆ ಹಾಕು."

"ಒಂಟಿ ಪ್ರಾಣಿ, ಹೊಟ್ಟೆ ತುಂಬಿದೆ. ಒಂದು ವಾರ ಈ ಕಡೆ ತಲೆ ಹಾಕಲ್ಲ ಬಿಡು."

ವೈಕೆಗೆ ಮೈಯೆಲ್ಲ ಉರಿಯಿತು. ಹೆಂಡತಿ ತೀರಿಕೊಂಡ ಮೇಲೆ ಆ ಕುರಿಗಳೇ ಅವನ ಬಳಗ. ಅವೂ ಹೋದರೆ ಇವನ ಗತಿಯೇನು? ಕೈ ಹಿಡಿದು ದರದರ ಎಳೆದೊಯ್ದಳು. ಹೆಜ್ಜೆ ಹಿಡಿದು ಅರ್ಧ ಮೈಲಿ ನಡೆದರು. ಬಿದ್ದ ಮರವೊಂದರ ಹತ್ತಿರ ಆ ಒಂದು ಸಾಲು ಬಿಚ್ಚಿಕೊಂಡಿತ್ತು: ಎರಡು ಎಡಕ್ಕೆ, ಎರಡು ಬಲಕ್ಕೆ, ಮರ ಹಾರಿ ನೇರಕ್ಕೆ ಒಂದು.

"ಎಣಿಸು," ಅಂದಳು. "ಹಿಮ ಆಳ ಇದ್ರೆ, ಮುಂದಿನದು ಇಟ್ಟ ಹೆಜ್ಜೆಯಲ್ಲೇ ಹಿಂದಿನವು ಕಾಲಿಡ್ತವೆ. ಸುಸ್ತಾಗಬಾರದಲ್ಲ! ಐದಕ್ಕೆ ಒಂದು ಕುರಿ ಎಲ್ಲಿ ಸಾಕು?"

ಎಂಡೆಲನ ಜಂಬ ಇಳಿದುಹೋಯಿತು. "ಅಯ್ಯೋ ದೇವರೇ! ಎಲ್ಲಿ ಕೂಡಿಹಾಕಲಿ?"

"ನಿನ್ನ ಸೌನಾದಲ್ಲಿ."

"ಶನಿವಾರ ಕಣೇ ಇವತ್ತು! ಕಟ್ಟಿಗೆ ಜೋಡಿಸಿಟ್ಟಿದೀನಿ!" ಶನಿವಾರ ಸೌನಾ ಎಂಬ ಹಬೆಮನೆಯಲ್ಲಿ ಕೂತು ಬೆವರದ ಗಂಡಸು ಆ ಸೀಮೆಯಲ್ಲೇ ಇಲ್ಲ.

"ನಮ್ಮನೇದು ಕಾಯಿಸ್ತೀನಿ, ಬಾ. ಮೊದಲು ಕುರಿಗಳನ್ನ ಒಳಗೆ ಹೊಡಿ."

ಭಾನುವಾರ ಬೆಳಿಗ್ಗೆ ನೋಡಿದರೆ ಸೌನಾದ ಸುತ್ತ ತೋಳಗಳ ಹೆಜ್ಜೆ ಚೆಲ್ಲಾಪಿಲ್ಲಿ. ಒಳಗೆ ಹನ್ನೊಂದೂ ಕ್ಷೇಮ, ಆದರೆ ನೆಲದ ತುಂಬ ಹಿಕ್ಕೆ. ಅದನ್ನು ತೊಳೆದು ಮುಗಿಸಲು ಎಂಡೆಲನಿಗೆ ಎಷ್ಟೋ ಶನಿವಾರ ಬೇಕಾಯಿತು. ಪುಣ್ಯಾತ್ಮ ಅವಸರವನ್ನೇ ಮಾಡಲಿಲ್ಲ.

ಮಾರ್ಚಿನಲ್ಲಿ ಮತ್ತೆ ಹಿಮ ಸುರಿಯಿತು. ಅಂಗಡಿಯ ಹಿಲ್ಯಾ ಕಿಟಕಿಯಿಂದ ಕಾಡಿನ ದಾರಿ ನೋಡಿದಳು. ಒಂದೇ ಸಾಲು ಹೆಜ್ಜೆ. "ಪಾಪ, ವೈಕೆ ಇವತ್ತೂ ಒಬ್ಬಳೇ ಹೋದಳು," ಎಂದು ಲೊಚಗುಟ್ಟಿದಳು.

ಬಿದ್ದ ಮರದ ಹತ್ತಿರ ಆ ಸಾಲು ಎರಡಾಗಿತ್ತು.