ಪಾಯಾಳುವಿನ ಒದೆ

ನಾನು ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು. ನಮ್ಮ ಕಡೆ ಇಂಥವರನ್ನು ಪಾಯಾಳು ಎನ್ನುತ್ತಾರೆ. ಸೊಂಟ ಉಳುಕಿದವರನ್ನು ಪಾಯಾಳು ಎಡಗಾಲಿನಿಂದ ಮೂರು ಸಲ ಒದ್ದರೆ ಉಳುಕು ಬಿಡುತ್ತದೆಂಬ ನಂಬಿಕೆ. ಮಂಜಗುಣಿಯಲ್ಲಿದ್ದಾಗ ದೋಣಿಯಲ್ಲಿ ಹೊಳೆ ದಾಟಿ ಬಂದು ಒದೆಸಿಕೊಂಡು ಹೋಗುವವರಿದ್ದರು. ಜಂಬ ತಲೆಗೇರಿತ್ತು, ಸುಳ್ಳೇಕೆ ಹೇಳಲಿ.

ಉಪ್ಪಿನ ಸತ್ಯಾಗ್ರಹದ ಗಲಾಟೆಯಾಗಿ ಮೂರ್ನಾಲ್ಕು ವರ್ಷಕ್ಕೆ ಗಂಡ ತೀರಿಕೊಂಡ. ಕಾರವಾರದಲ್ಲಿ ದಿಕ್ಕಿಲ್ಲದ ಮುದುಕ ಮುದುಕಿಯರಿಗೆಂದು ವರ್ತಕರೊಬ್ಬರು ನಡೆಸುತ್ತಿದ್ದ ಮನೆಗೆ ನಾನು ಅಡುಗೆಯವಳಾಗಿ ಸೇರಿದೆ. ಅಲ್ಲಿ ಎಲ್ಲರೂ ನನ್ನನ್ನು ಬಾಯಿ ಎಂದು ಕರೆಯುತ್ತಿದ್ದರು, ಪಾಯಾಳೆಂದೂ ಹೇಳಿಕೊಂಡಿದ್ದೆ. ಅಲ್ಲಿ ಒಂದೇ ಕಟ್ಟುನಿಟ್ಟು: ತನ್ನ ಕಾಲ ಮೇಲೆ ಬಚ್ಚಲಿಗೆ ಹೋಗಿಬರಬಲ್ಲವರಿಗೆ ಮಾತ್ರ ಜಾಗ. ಹಾಸಿಗೆ ಹಿಡಿದವರನ್ನು ಮನೆಯ ಕಾರಭಾರಿ ಗಾಡಿ ಹತ್ತಿಸಿ ಊರಿಗೆ ಅಟ್ಟುತ್ತಿದ್ದ. ಅದಕ್ಕೇ ಬಿದ್ದವರು ಯಾರೂ ಬಿದ್ದೆ ಎನ್ನುತ್ತಿರಲಿಲ್ಲ. ಹುಬ್ಬು ಊದಿಸಿಕೊಂಡು ಊಟಕ್ಕೆ ಕೂತು, ಸೊಳ್ಳೆ ಕಚ್ಚಿತು ಎನ್ನುವರು. ನಾನು ಬಡಿಸುತ್ತಾ ನಗುತ್ತಿದ್ದೆ.

ಕಿನ್ನರವೆಂಬ ಊರಿನ ಮುದುಕಿಯೊಬ್ಬಳು ಒಂದು ಬೆಳಿಗ್ಗೆ ಬಚ್ಚಲ ಕಲ್ಲಿನ ಮೇಲೆ ಜಾರಿದಳು. ನಾನು ಹೋಗಿ ನೋಡುವಾಗ ಗೋಡೆ ಹಿಡಿದು ಒಂಟಿಕಾಲಲ್ಲಿ ನಿಂತಿದ್ದಳು.

"ಬಾಯೀ, ಸೊಂಟ ಉಳುಕಿದ್ದು ಅಷ್ಟೆ. ಕಾರಭಾರಿ ಬರೂದ್ರೊಳಗೆ ಒದ್ಬಿಡು. ನನ್ನ ಊರಿಗೆ ಕಳ್ಸೂಕೆ ಬಿಡಬೇಡ. ತಮ್ಮನ ಸೊಸೆ ಮನೆ ಒಳಗೆ ಸೇರ್ಸೂದಿಲ್ಲ, ಕೊಟ್ಟಿಗೇಲಿ ಹಾಕ್ತದೆ."

ಎತ್ತಿಕೊಂಡಿದ್ದ ಆ ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿತ್ತು. ಅದು ನನ್ನ ಕಣ್ಣಿಗೆ ಬಿದ್ದೇ ಇತ್ತು. ಆದರೆ ಉಳಿದ ಮುದುಕಿಯರು ಬಾಗಿಲಲ್ಲಿ ಗುಂಪುಗಟ್ಟಿ "ಒದಿಯೇ, ಒದಿ" ಎನ್ನುತ್ತಿದ್ದರು. ಇದು ಉಳುಕಲ್ಲ ಎಂದುಬಿಟ್ಟರೆ ನನ್ನ ಹೆಚ್ಚುಗಾರಿಕೆ ಏನಾಗಬೇಕು? ಸೆರಗು ಸಿಕ್ಕಿಸಿ ಒದ್ದೆ. ಮೊದಲನೆಯದಕ್ಕೆ ಹಲ್ಲು ಕಚ್ಚಿದಳು. ಎರಡನೆಯದಕ್ಕೆ ಒಳಗೆಲ್ಲೋ ಲಟಕ್ಕೆಂದಿತು, ಕುಸಿದಳು. ಮೂರಾಗದೆ ಬಿಡಬಾರದೆಂದು ನೆಲದಲ್ಲಿ ಬಿದ್ದವಳಿಗೇ ಇನ್ನೊಂದು ಕೊಟ್ಟೆ.

ಕಾರಭಾರಿ ಡಾಕ್ಟರನ್ನು ಕರೆತಂದ. ತೊಡೆಸಂದಿಯ ಮೂಳೆ ಮುರಿದಿದೆ, ಇನ್ನು ನಡೆಯಲಾರಳು ಎಂದರು ಡಾಕ್ಟರು. ಸೊಂಟದ ಮೇಲೆ ಕೆಂಪಗೆ ಎದ್ದಿದ್ದ ಗುರುತು ತೋರಿಸಿ, ಇದು ಬಿದ್ದದ್ದಲ್ಲ, ಹೊಡೆದದ್ದು ಎಂದೂ ಹೇಳಿ ಹೋದರು. ವರ್ತಕರ ಕಿವಿಗೆ ಬಿದ್ದರೆ ಕಷ್ಟವೆಂದು ಕಾರಭಾರಿಗೆ ಗಾಬರಿಯಾಯಿತು.

"ಯಾರು ಹೊಡೆದ್ರು, ಹೇಳಜ್ಜಿ. ಕೆಲಸದವರು ಮಾಡಿದ್ದಾದ್ರೆ ಅವರನ್ನ ಇವತ್ತೇ ಹೊರಗೆ ಹಾಕ್ತೇನೆ. ನೀನು ಸಾಯೂವರೆಗೂ ಇಲ್ಲೇ ಇರು, ನಾವೇ ನೋಡ್ಕೊಳ್ತೇವೆ."

ಮುದುಕಿ ನನ್ನತ್ತ ನೋಡಿದಳು. ಒದಿ ಎಂದು ಕೂಗಿದವರೆಲ್ಲ ನೆಲ ನೋಡುತ್ತಿದ್ದರು. ನಾನು ಗಂಜಿಯ ಪಾತ್ರೆ ಹಿಡಿದು ನಿಂತಿದ್ದೆ.

"ಯಾರೂ ಹೊಡೀಲಿಲ್ಲ. ನಾನೇ ಬಿದ್ದದ್ದು" ಎಂದಳು.

ಮಧ್ಯಾಹ್ನ ಗಾಡಿ ಬಂತು. ಇಬ್ಬರು ಅವಳನ್ನು ಎತ್ತಿ ಹುಲ್ಲಿನ ಮೇಲೆ ಮಲಗಿಸುವಾಗ ಕೇರಿಗೆಲ್ಲ ಕೇಳುವಂತೆ ಕೂಗಿಕೊಂಡಳು. ಬಟ್ಟೆಯ ಗಂಟು ಕೊಡಲು ಹೋದ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು: "ನಿಂಗೂ ಹೋಗೂಕೆ ಬೇರೆ ಮನೆ ಇಲ್ಲ ಅಲ್ಲ, ಬಾಯಿ."

ಆಗ ನನಗಾದದ್ದು ದುಃಖವಲ್ಲ, ನಿರಾಳ. ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾಳೋ ಎಂದು ಕೈ ಕಿತ್ತುಕೊಂಡು, ಗಾಡಿಯವನಿಗೆ "ಹೊಡಿ" ಎಂದವಳೂ ನಾನೇ.