ಕಂಪ್ಯೂಟರಿನ ಹಣೆಯ ವಿಭೂತಿ

ಕಂಪ್ಯೂಟರಿಗೂ ಹೊದಿಕೆ ಹೊಲಿಸುತ್ತಿದ್ದ ದಿನಗಳವು. ಭರಮಸಾಗರದ ನಮ್ಮ ಮನೆಯಲ್ಲಿ ಅಮ್ಮನ ಹಳೇ ಸೀರೆಯ ತುಂಡು ಆ ಕೆಲಸಕ್ಕೆ ಒದಗಿತ್ತು. ಬೆಳಿಗ್ಗೆ ಅಜ್ಜಿ ಪೂಜೆ ಮುಗಿಸಿ, ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಹೊಸ್ತಿಲು, ಒಲೆ, ಹೊಲಿಗೆ ಯಂತ್ರಗಳಿಗೆ ಮೂರು ಬೆರಳಲ್ಲಿ ಎಳೆಯುತ್ತಿದ್ದಳು. ದುಡಿಯುವ ವಸ್ತು ಬರಿ ಹಣೆಯಲ್ಲಿರಬಾರದು ಎಂಬುದು ಅವಳ ಕಟ್ಟಳೆ. ಕೊನೆಯ ಸರದಿ ಕಂಪ್ಯೂಟರಿನ ಪೆಟ್ಟಿಗೆಯದು. ಬೆರಳಲ್ಲಿ ಉಳಿದದ್ದು, ಶಾಲೆಗೆ ಮುಂಚೆ ಅದರಲ್ಲಿ ಇಸ್ಪೀಟಿನ ಆಟ ಆಡುತ್ತಾ ಕುಳಿತ ನನ್ನ ಹಣೆಗೆ. ತಣ್ಣಗಿರುತ್ತಿತ್ತು. ನಾನು ಪರದೆಯಿಂದ ಕಣ್ಣು ತೆಗೆಯುತ್ತಿರಲಿಲ್ಲ.

ಬೇಸಿಗೆ ರಜೆಗೆ ಸ್ವಲ್ಪ ಮುಂಚೆ ಅದು ಕೆಟ್ಟಿತು. ಗುಂಡಿ ಒತ್ತಿದರೆ ಪರದೆ ಕಪ್ಪು, ಒಳಗಿಂದ ಕುಂಯ್ ಕುಂಯ್ ಸದ್ದು.

"ನಾಯಿಮರಿ ಅಳ್ದಂಗೆ ಅಳ್ತೈತಲ್ಲೋ," ಎಂದಳು ಅಜ್ಜಿ.

ಚಿತ್ರದುರ್ಗದ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಭಾನುವಾರ ಬಂದು ಪೆಟ್ಟಿಗೆಯ ತಗಡು ಬಿಚ್ಚಿದ. ಒಳಗೆಲ್ಲ ಬಿಳಿ ಪುಡಿ. ಒಣಗಿದ ವಿಭೂತಿ ಮೇಲಿನ ಕಿಂಡಿಗಳಿಂದ ಉದುರಿತ್ತು. ಅಪ್ಪ ಅಜ್ಜಿಯ ಕಡೆ ನೋಡಿದ. ಇನ್ನು ತನ್ನನ್ನು ಇದರ ಹತ್ತಿರ ಬಿಡುವುದಿಲ್ಲವೇನೋ ಎಂಬ ಆತಂಕ ಅವಳ ಮುಖದಲ್ಲಿತ್ತು.

"ಈ ಪುಟ್ಟಿ ಮೂರೊತ್ತೂ ಮಂಡಕ್ಕಿ ತಿನ್ಕಂತ ಇದರ ಮುಂದೆ ಕುಂತಿರ್ತಾಳೆ. ಅದರದ್ದೇ ಪುಡಿ," ಎಂದು ಹೇಳಿ ನೋಡಿದಳು ಅಜ್ಜಿ.

"ಮಂಡಕ್ಕಿ ಪುಡಿ ಹಿಂಗಿರಲ್ಲ ಕಣವ್ವಾ," ಚಿಕ್ಕಪ್ಪ ನಕ್ಕ. "ಧೂಳೂ ಐತೆ, ನಿನ್ನ ವಿಭೂತಿನೂ ಐತೆ. ಯಾವುದು ಕೆಡಿಸ್ತೋ ಶಿವನೇ ಹೇಳ್ಬೇಕು. ಲೇ ಪುಟ್ಟಿ, ಒಂದು ರಬ್ಬರ್ ತಗಂಬಾ."

ಸ್ಟ್ರಾಬೆರಿ ವಾಸನೆಯ ನನ್ನ ರಬ್ಬರನ್ನು ಒಲ್ಲದ ಮನಸ್ಸಿನಿಂದ ಕೊಟ್ಟೆ. ಚಿಕ್ಕಪ್ಪ ಒಳಗಿನ ಹಸಿರು ಪಟ್ಟಿಯೊಂದನ್ನು ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ತಿಕ್ಕಿ ಮತ್ತೆ ಸಿಕ್ಕಿಸಿದ. ಕೋಣೆಯೆಲ್ಲ ಸ್ಟ್ರಾಬೆರಿ ಘಮ. ಪರದೆ ಬೆಳಗಿತು, ಆದರೆ ಅರ್ಧಕ್ಕೇ ನಿಂತಿತು.

"ಫಾರ್ಮ್ಯಾಟ್ ಮಾಡ್ಬೇಕು. ಒಳಗಿರೋದೆಲ್ಲ ಅಳಿಸಿಹೋಗುತ್ತೆ. ಏನೇನು ಬೇಕೋ ಹೇಳ್ರಿ, ಸೀಡಿಗೆ ತೆಗೆದಿಡ್ತೀನಿ."

ಅಪ್ಪ ಮದುವೆ ಮನೆಯ ಫೋಟೋಗಳನ್ನು ಹೇಳಿದ. ಅಮ್ಮ ವಚನಗಳ ಹಾಡುಗಳು ಬೇಕೆಂದಳು. ನಾನು, ಕಂಪ್ಯೂಟರಿನಲ್ಲೇ ಬಿಡಿಸಿದ್ದ ಕೆರೆ ಏರಿಯ ಚಿತ್ರ ಉಳಿಯಲೇಬೇಕೆಂದು ಹಟ ಹಿಡಿದೆ. ಅಜ್ಜಿಯನ್ನು ಯಾರೂ ಕೇಳಲಿಲ್ಲ. ಅವಳದ್ದೇನಿದೆ ಅದರಲ್ಲಿ?

ನೀಲಿ ಪಟ್ಟಿ ಪರದೆಯ ಮೇಲೆ ತೆವಳುತ್ತಿದ್ದಷ್ಟು ಹೊತ್ತೂ ನಾವು ಜಗುಲಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಸಂಜೆಗೆ ಯಂತ್ರ ಹೊಸದರಂತಾಯಿತು.

"ಅವ್ವಾ, ಇನ್ಮ್ಯಾಲೆ ಇದಕ್ಕೆ ವಿಭೂತಿ ಬ್ಯಾಡ," ಎಂದ ಅಪ್ಪ.

"ಆತು ಬಿಡಪ್ಪ. ಉಳ್ಕಂತಲ್ಲ, ಸಾಕು."

ಮರುದಿನ ಅವಳು ಹೊಲಿಗೆ ಯಂತ್ರಕ್ಕೇ ಸುತ್ತು ಮುಗಿಸಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ಪೆಟ್ಟಿಗೆಯ ಜೊತೆಗೆ ನನ್ನ ಹಣೆಯೂ ತಪ್ಪಿತೆಂದು ಯಾರಿಗೂ ಹೊಳೆಯಲಿಲ್ಲ. ಇಸ್ಪೀಟಿನ ಗುಂಗಿನಲ್ಲಿದ್ದ ನನಗೂ ಅಷ್ಟೇ.

ಮೊನ್ನೆ ನನ್ನ ಲ್ಯಾಪ್‌ಟಾಪ್ ಕೈಕೊಟ್ಟಿತು. ಈಗ ಚಿಕ್ಕಪ್ಪ ಬರಬೇಕಿಲ್ಲ, ರಬ್ಬರೂ ಬೇಕಿಲ್ಲ. ರೀಸೆಟ್ ಒತ್ತಿದರೆ, ಏನನ್ನು ಉಳಿಸಲಿ, ಏನನ್ನು ಅಳಿಸಲಿ ಎಂದು ಅದೇ ಕೇಳುತ್ತದೆ. ಅಜ್ಜಿ ತೀರಿಕೊಂಡು ಎಷ್ಟೋ ವರ್ಷಗಳಾದವು. ಹಟ ಹಿಡಿದು ಉಳಿಸಿಕೊಂಡ ಕೆರೆ ಏರಿಯ ಚಿತ್ರ ಇವತ್ತಿಗೂ ನನ್ನ ಹತ್ತಿರವಿದೆ. ಆ ತಣ್ಣನೆಯ ಮೂರು ಬೆರಳು ಇಲ್ಲ.