ಕುರುಗೋಡಿಗೆಲ್ಲ ಕೇಳುವ ಬಿಲ್ಲು

ಗುಡ್ಡದ ಬಂಡೆಗಳ ಮೇಲೆ ಇನ್ನೂ ಬಿಸಿಲು ಬಿದ್ದಿಲ್ಲ. ಕುರುಗೋಡಿನ ಪಿಂಜಾರ ಓಣಿಯಲ್ಲಿ ಬೇವಿನ ಕೊಂಬೆಗೆ ಹಗ್ಗ ಬಿಗಿದು, ಅದಕ್ಕೆ ಆಳುದ್ದದ ಬಿಲ್ಲೊಂದನ್ನು ತೂಗುಬಿಟ್ಟಿದ್ದಾಳೆ ಹೊನ್ನೂರಮ್ಮ. ಸೆರಗನ್ನು ತಲೆಯ ಮೇಲಿಂದ ಎಳೆದು ಮೂಗು ಬಾಯಿ ಮುಚ್ಚುವಂತೆ ಬಿಗಿದು ಕಟ್ಟಿಕೊಂಡಿದ್ದಾಳೆ. ಕಾಣುವುದು ಎರಡು ಕಣ್ಣು ಮಾತ್ರ. ಎಡಗೈಯಲ್ಲಿ ಬಿಲ್ಲು, ಬಲಗೈಯಲ್ಲಿ ಮರದ ಬಡಿಗೆ. ಕುರಿಯ ಕರುಳಿನಿಂದ ಹೊಸೆದ ಹೆದೆಯನ್ನು ಹತ್ತಿಯ ರಾಶಿಯೊಳಗೆ ಇಳಿಸಿ ಬಡಿಗೆಯಿಂದ ಮೀಟುತ್ತಾಳೆ. ಟುಂಯ್ ಟಕ್, ಟುಂಯ್ ಟಕ್. ವರ್ಷಗಟ್ಟಲೆ ಮಲಗಿದವರ ಭಾರಕ್ಕೆ ಕಲ್ಲಾಗಿ ಕುಳಿತಿದ್ದ ಹತ್ತಿ ಬಿಡಿಬಿಡಿಯಾಗಿ ಮೇಲೇಳುತ್ತದೆ.

ಆ ಸದ್ದಿಗೇ ಓಣಿ ಏಳುವುದು. "ಕೋಳಿಗಿಂತ ಮೊದ್ಲ ಇಕಿ ಬಿಲ್ಲು ಕೂಗತೈತಿ" ಎಂದು ಎದುರುಮನೆಯ ಚನ್ನಬಸಮ್ಮ ಅಂಗಳಕ್ಕೆ ಸಗಣಿ ನೀರು ಚೆಲ್ಲುತ್ತ ಗೊಣಗುತ್ತಾಳೆ. ಗೊಣಗುವುದೆಲ್ಲ ಬಾಯಿಮಾತಿಗೆ. ಈ ಬಿಲ್ಲು ಸಿರುಗುಪ್ಪದ ಬಂಡಿ ಹತ್ತದೆ ಕುರುಗೋಡಿನಲ್ಲೇ ಉಳಿದದ್ದರಲ್ಲಿ ಅವಳ ಪಾಲೂ ಇದೆ.

ಹೆಂಗಸೊಬ್ಬಳು ಹತ್ತಿ ಹಿಂಜಿದರೆ ಏನು ದೊಡ್ಡಸ್ತಿಕೆ ಎನ್ನುವವರಿಗೆ ಪಿಂಜಾರರ ಮನೆಯ ಕಟ್ಟುಪಾಡು ಗೊತ್ತಿಲ್ಲ. ಬೀಜ ಬಿಡಿಸುವುದು, ಗಾದಿಗೆ ತುಂಬುವುದು, ದಬ್ಬಣ ಹಿಡಿದು ಹೊಲಿಯುವುದು ಹೆಂಗಸರ ಕೆಲಸ. ಬಿಲ್ಲು ಗಂಡಸರದು, ಅಪ್ಪನಿಂದ ಮಗನಿಗೆ ಬರುವಂಥದು. ಹೆಣ್ಣಿನ ಕೈ ಸೋಕಿದರೆ ಹೆದೆ ಹರಿಯುತ್ತದೆ, ಮನೆಯ ಬರಕತ್ತು ಹಾರಿಹೋಗುತ್ತದೆ ಎಂಬ ನಂಬಿಕೆ. ಕಸ ಗುಡಿಸುವಾಗಲೂ ಬಿಲ್ಲನ್ನು ಗಂಡಸೇ ಬಂದು ಎತ್ತಿಡಬೇಕು. ಗಂಡಸರ ಕೈಯಲ್ಲೇ ಹರಿದ ಹೆದೆಗಳ ಲೆಕ್ಕವನ್ನು ಮಾತ್ರ ಯಾರೂ ಇಟ್ಟಿಲ್ಲ.

ಹೊನ್ನೂರಮ್ಮ ಹುಟ್ಟಿದ್ದು ತೆಕ್ಕಲಕೋಟೆಯಲ್ಲಿ. ಧಾತು ಸಂವತ್ಸರದ ಬರ ಬಂದಾಗ ಇನ್ನೂ ಲಂಗ ತೊಡುವ ಹುಡುಗಿ. ಬರ ಹಿಂಗಿದ ಮೇಲೆ ಕುರುಗೋಡಿನ ಮೌಲಾಸಾಬನ ಕೈಹಿಡಿದು ಬಂದಳು. ಮೌಲಾಸಾಬನದು ಸುತ್ತಲ ಹಳ್ಳಿಗಳಲ್ಲೆಲ್ಲ ಹೆಸರಾದ ಕೈ. ಆದರೆ ಹತ್ತಿ ನೋಡಲಷ್ಟೇ ಮೆದು. ಮುಚ್ಚಿದ ಕೋಣೆಯಲ್ಲಿ ವರ್ಷಗಟ್ಟಲೆ ಅದರ ನವಿರು ಧೂಳು ಕುಡಿದು ಅವನ ಎದೆ ಕಟ್ಟಿತು. ಹೋದ ವರ್ಷ ಬಿಲ್ಲು ಎತ್ತಲು ಹೋದವನು ಕೆಮ್ಮಿ ಕೆಮ್ಮಿ ಅಲ್ಲೇ ಕುಸಿದ. ಅಂದಿನಿಂದ ಅವನ ಜಾಗ ಪಡಸಾಲೆಯ ಹಗ್ಗದ ಹೊರಸು. ಮನೆಯಲ್ಲಿ ಮಗಳು ಮಸ್ತಾನಮ್ಮ, ಗೋಡೆಯ ಮೇಲೆ ಸುಮ್ಮನೆ ನೇತಾಡುವ ಬಿಲ್ಲು, ಒಲೆಯ ಮೇಲೆ ಬರಿಯ ಗಂಜಿ.

"ಒಂದಿನ ಬಾಗಲಾ ಹಾಕಿ ಇಳಿಸಿದ್ನಿರಿ" ಎನ್ನುತ್ತಾಳೆ ಹೊನ್ನೂರಮ್ಮ. "ಸುಳ್ಳ್ಯಾಕ ಹೇಳ್ಲಿ, ಮೊದ್ಲ ಹೊಡತಕ್ಕ ಹೆದಿ ಹರೀತದ ಅಂತ ಕಣ್ಣು ಮುಚ್ಚಿಕೊಂಡಿದ್ನಿ. ಹರೀಲಿಲ್ಲ. ಹೊರಸಿನ ಮ್ಯಾಲಿಂದ ಅವರ ಕೂಗಿ ಹೇಳಿದ್ರು, ಹೆದಿ ಸಡ್ಲ ಐತಿ, ಬಿಗಿ ಮಾಡು ಅಂತ."

ಅಡುಗೆಯಾದರೆ ಕದ್ದು ಮಾಡಬಹುದು, ಹೊಲಿಗೆಯಾದರೆ ಮರೆಯಲ್ಲಿ ಮಾಡಬಹುದು. ಪಿಂಜಾರರ ಬಿಲ್ಲನ್ನು ಬಚ್ಚಿಡುವುದು ಎಲ್ಲಿ? ಅದು ಊರಿಗೆಲ್ಲ ಕೇಳುತ್ತದೆ. ಮಾರನೆಯ ದಿನವೇ ಓಣಿಯ ಹಿರಿಯರು ಮೌಲಾಸಾಬ ಎದ್ದು ಕೂತ, ದುವಾ ಫಲಿಸಿತು ಎಂದುಕೊಂಡು ಸಕ್ಕರೆಯ ಪೊಟ್ಟಣ ಹಿಡಿದು ಬಂದರು. ಮುಂದೆ ಮಸೀದಿಯ ಆಡಳಿತ ನೋಡುವ ಮುತವಲ್ಲಿ ಬುಡ್ಡೇನಸಾಬ. ನೋಡಿದರೆ ಮೌಲಾಸಾಬ ಹೊರಸಿನ ಮೇಲೆ ಕೌದಿ ಹೊದ್ದು ಮಲಗಿದ್ದಾನೆ, ಒಳಗೆ ಬಿಲ್ಲು ಟುಂಯ್ ಎನ್ನುತ್ತಲೇ ಇದೆ. ಹಿರಿಯರು ಮುಖ ಮುಖ ನೋಡಿಕೊಂಡರು. ಮೌಲಾಸಾಬ ಎರಡೂ ಕೈಯನ್ನು ಕೌದಿಯಿಂದ ಹೊರಗೆ ತೆಗೆದು ತೋರಿಸಿ, "ನನ್ನ ಕೈ ಇಲ್ಲೇ ಅದಾವ ನೋಡ್ರಿ" ಎಂದ. ತಂದ ಸಕ್ಕರೆಯನ್ನು ಕೊಡಬೇಕೋ ವಾಪಸು ಒಯ್ಯಬೇಕೋ ತಿಳಿಯದೆ ಅವರು ಕಟ್ಟೆಯ ಮೇಲಿಟ್ಟು ಎದ್ದುಹೋದರು.

ಚನ್ನಬಸಮ್ಮನಿಗೆ ಈ ಮಾತು ನೆನೆದರೆ ಇಂದಿಗೂ ನಗು. "ಗಂಡಸ್ರಿಗೆ ಕಿವಿ ಇದ್ರ ಏನು ಬಂತು? ನನಗ ಮೊದ್ಲ ದಿನಾನ ಗೊತ್ತಾತು. ಮೌಲಾಸಾಬ ಹೊಡೀವಾಗ ನಡುನಡುವ ಕೆಮ್ಮಾಕ ನಿಂದ್ರತಿದ್ದ. ಈ ಬಿಲ್ಲು ನಿಂದ್ರಲೇ ಇಲ್ಲ."

ಸುದ್ದಿಗೆ ಕಾಲು ಮೂಡಲು ಎಷ್ಟು ಹೊತ್ತು? ವಾರ ಕಳೆಯುವುದರೊಳಗೆ ಸಿರುಗುಪ್ಪದಿಂದ ಮೌಲಾಸಾಬನ ಅಣ್ಣ ಇಮಾಮಸಾಬ ಬಂಡಿ ಕಟ್ಟಿಸಿಕೊಂಡು ಬಂದ. ಅವನದೂ ಅದೇ ಕಸುಬು, ಕೆಟ್ಟ ಮನುಷ್ಯನೇನಲ್ಲ. ತಂದೆಯ ಬಿಲ್ಲು ಹೆಣ್ಣಿನ ಕೈ ಸೇರಿತಲ್ಲ ಎಂಬ ಸಂಕಟ ಅವನದು. ಮಸೀದಿಯ ಮುಂದಿನ ಕಟ್ಟೆಗೆ ಹಿರಿಯರ ಜಮಾತು ನ್ಯಾಯಕ್ಕೆ ಕೂಡಿತು. ಬಿಲ್ಲನ್ನು ತಾನು ಒಯ್ಯುತ್ತೇನೆ, ಸುಗ್ಗಿಗೊಮ್ಮೆ ತಮ್ಮನ ಮನೆಗೆ ಜೋಳ ಕಳಿಸುತ್ತೇನೆ ಎಂದ. ನ್ಯಾಯವಾದ ಮಾತು ಎಂದು ನಾಲ್ಕು ಗಡ್ಡಗಳು ಅಲ್ಲಾಡಿದವು. ಹೊನ್ನೂರಮ್ಮ ಸೆರಗು ಸರಿಮಾಡಿಕೊಂಡು ಕಂಬದ ಮರೆಯಿಂದಲೇ ಕೇಳಿದಳು, "ಕಳಿಸಿದ ದಿನಾ ಉಣ್ತೀವಿ ಭಾವ. ಕಳಿಸ್ಲಾರದ ದಿನಾ?"

ಇಮಾಮಸಾಬ ಮುತವಲ್ಲಿಯ ಕಡೆ ತಿರುಗಿದ. ಬುಡ್ಡೇನಸಾಬ ಹಾವೂ ಸಾಯದಂತೆ ಕೋಲೂ ಮುರಿಯದಂತೆ ತೀರ್ಪು ಕೊಟ್ಟ: ಬಿಲ್ಲು ಸದ್ಯ ಇಲ್ಲೇ ಇರಲಿ, ಆದರೆ ಹೆಣ್ಣುಮಗಳು ಹೊಡೆಯುವ ಸಪ್ಪಳ ಓಣಿಗೆ ಕೇಳಬಾರದು. ಕೇಳಿತೋ, ಬಿಲ್ಲು ಸಿರುಗುಪ್ಪಕ್ಕೆ.

ಮುಗಿಯಿತಲ್ಲ, ಇನ್ನು ತಲೆಬಾಗಿದಳು ಎಂದೇ ಓಣಿ ತಿಳಿಯಿತು. ಅವಳೂ ಬಾಗಿ ನೋಡಿದಳು. ಕಿಟಕಿಗೆ ಕೌದಿ ಬಿಗಿದಳು, ಬಾಗಿಲಿಗೆ ಗಾದಿ ಒರಗಿಸಿದಳು, ಬೆಳಕಿಂಡಿಗೆ ಹಳೆಯ ಬಟ್ಟೆ ತುರುಕಿದಳು. ಸಪ್ಪಳವೇನೋ ಒಳಗೇ ಉಳಿಯಿತು. ಅದರ ಜೊತೆಗೆ ಬಳ್ಳಾರಿ ಸೀಮೆಯ ಬಿಸಿಲಿನ ಧಗೆಯೂ ಹತ್ತಿಯ ನವಿರೂ ಒಳಗೇ ಉಳಿದವು. ಹಿಂಜಿದ ಹತ್ತಿಯನ್ನು ಅಲ್ಲೇ ಕೂತು ಗಾದಿಗೆ ತುಂಬುತ್ತಿದ್ದವಳು ಮಸ್ತಾನಮ್ಮ. ಒಂದು ಸಂಜೆ ಹುಡುಗಿ ಕೆಮ್ಮಿದಳು. ಗಂಟಲು ಕೆರೆದು ಸುಮ್ಮನಾಗುವ ಕೆಮ್ಮಲ್ಲ, ಎದೆಯ ಆಳದಿಂದ ಬಂದು ಹುಡುಗಿಯನ್ನು ಬಗ್ಗಿಸಿ ಹಾಕಿದ ಕೆಮ್ಮು. ಹೊರಸಿನ ಮೇಲಿಂದ ಮೌಲಾಸಾಬ ಅದನ್ನು ಕೇಳಿ ಎದ್ದು ಕೂತ. ಆ ಕೆಮ್ಮು ಯಾವುದೆಂದು ಗಂಡ ಹೆಂಡಿರಿಬ್ಬರಿಗೂ ಗೊತ್ತಿತ್ತು.

ಮರುದಿನ ಬೆಳಕು ಹರಿಯುವ ಮೊದಲೇ ಹೊನ್ನೂರಮ್ಮ ಬಿಲ್ಲನ್ನು ಹೆಗಲಿಗೇರಿಸಿ ಹೊರಗೆ ಬಂದಳು. ಗಾಳಿಯಾಡುವ ಬೇವಿನ ಕೆಳಗೆ ತೂಗುಹಾಕಿದಳು. ಹೊಡೆದಳು. ಊರು ದಿಗಿಲುಬಿದ್ದು ಎದ್ದಿತು.

ಬುಡ್ಡೇನಸಾಬ ನಮಾಜು ಮುಗಿಸಿ ನೇರ ಅಲ್ಲಿಗೇ ಬಂದ. ಹಿಂದೆ ಹತ್ತಾರು ಜನ. "ಏನವ್ವಾ, ಜಮಾತಿನ ಮಾತು ಗಾಳಿಗೆ ತೂರಿದ್ಯಲ್ಲ" ಎಂದ. ಹೊನ್ನೂರಮ್ಮ ಬಡಿಗೆ ಕೆಳಗಿಟ್ಟಳು. ಬಾಯಿಗೆ ಕಟ್ಟಿದ ಸೆರಗನ್ನು ಬಿಚ್ಚಿ, ತಲೆಯ ಮೇಲೆ ಹೊದ್ದು, ಮಗಳನ್ನು ಕೂಗಿ ಪಕ್ಕಕ್ಕೆ ನಿಲ್ಲಿಸಿಕೊಂಡಳು.

"ಬಾಗಲಾ ಮುಚ್ಚಿ ಹೊಡೆದು ನನ್ನ ಗಂಡನ ಎದಿ ಹೋತ್ರಿ. ನಿಮ್ಮ ಮಾತು ಉಳಿಸಾಕ ನನ್ನ ಮಗಳ ಎದಿ ಕೊಡಾಕ ನಾ ತಯಾರಿಲ್ಲ. ಬಿಲ್ಲು ಒಯ್ಯೂದಾದ್ರ ಒಯ್ರಿ. ಆದ್ರ ನೀವ ಬಂದು ಮರದಿಂದ ಬಿಚ್ಚಿಕೊಂಡು ಒಯ್ಯಬೇಕು. ನಾ ಬಿಚ್ಚಿ ಕೊಡಂಗಿಲ್ಲ."

ಯಾರೂ ಮುಂದೆ ಬರಲಿಲ್ಲ. ಅಷ್ಟರಲ್ಲಿ ಚನ್ನಬಸಮ್ಮ ಗಾದಿಯೊಂದನ್ನು ದರದರ ಎಳೆದುಕೊಂಡು ಗುಂಪಿನ ನಡುವೆ ನುಗ್ಗಿ ಬೇವಿನ ಬುಡಕ್ಕೆ ಒಗೆದಳು. "ನನ್ನ ಮಗಳಿಗೆ ದಿನ ತುಂಬ್ಯಾವ. ಬಾಣಂತಿ ಕಲ್ಲಿನ ಮ್ಯಾಲ ಮಲಗಬೇಕೇನು? ನಿಮ್ಮ ನ್ಯಾಯ ಆಮ್ಯಾಲ ಮಾಡ್ರಿ, ಮೊದ್ಲ ಇದನ್ನ ಹಿಂಜಲಿ" ಎಂದಳು. ಅವಳ ಹಿಂದೆಯೇ ಇನ್ನೊಬ್ಬಳು ದಿಂಬು ತಂದಳು. ಮೂರನೆಯವಳಾಗಿ ಬಂದವಳು ಬುಡ್ಡೇನಸಾಬನ ಮನೆಯವಳೇ, ಕಂಕುಳಲ್ಲಿ ಕೌದಿ. ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ಬುಡ್ಡೇನಸಾಬ ಏನೋ ಹೇಳಲು ಬಾಯಿ ತೆರೆದ. ಆಗ ಮಸ್ತಾನಮ್ಮ ಕೆಮ್ಮಿದಳು. ಅವನು ಆ ಹುಡುಗಿಯ ಕಡೆ ತಿರುಗಿದ. "ಹುಡುಗಿನ್ನ ಗಾಳಿ ಬರೂ ಕಡೆ ಕುಂದ್ರಸವ್ವಾ" ಎಂದಷ್ಟೇ ಹೇಳಿ ಹೊರಟುಹೋದ. ಆ ವಾರ ಬಿಲ್ಲು ಒಯ್ಯಲೆಂದು ಮತ್ತೆ ಬಂದ ಇಮಾಮಸಾಬನ ಬಂಡಿ ಬರಿದಾಗಿಯೇ ಸಿರುಗುಪ್ಪಕ್ಕೆ ಮರಳಿತು.

ಈಗ ಹೊನ್ನೂರಮ್ಮ ದಿನಕ್ಕೆ ಎರಡು ಗಾದಿ ಬಿಡಿಸುತ್ತಾಳೆ, ಮದುವೆಯ ದಿನಗಳಲ್ಲಿ ಮೂರು. ಕೂಲಿ ಹೆಚ್ಚಾಗಿ ಜೋಳದ ರೂಪದಲ್ಲೇ ಬರುತ್ತದೆ. ಹೆದೆ ಸವೆದರೆ ಬಂಡಿ ಹತ್ತಿ ಬಳ್ಳಾರಿಯ ಕೌಲ್ ಬಜಾರಿಗೆ ಹೋಗುತ್ತಾಳೆ. ಮೊದಲ ಸಲ ಅಂಗಡಿಯವನು ಗಂಡಸರನ್ನು ಕಳಿಸು ಎಂದಿದ್ದ. "ಅವರ ಬರೂತನ ಇಲ್ಲೇ ಕುಂದ್ರತೀನಿ ಅಂತ ಅಂಗಡಿ ಮುಂದ ಕುಂತೆ. ಸಂಜಿಕ ಅವನ ಬ್ಯಾಸತ್ತು ಕೊಟ್ಟ" ಎಂದು ನಗುತ್ತಾಳೆ. ಕುಡತಿನಿಯಿಂದ ದಾದಮ್ಮ ಎಂಬ ವಿಧವೆ ಬಂದು ಕೆಲಸ ಕಲಿಯುತ್ತಿದ್ದಾಳೆ. ಗಂಡನ ಬಿಲ್ಲು ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಿತ್ತಂತೆ. ಎಲ್ಲರ ಬಾಯಿ ಮುಚ್ಚಿಲ್ಲ. ಬಾವಿಕಟ್ಟೆಯಲ್ಲಿ ಮೂಗು ಮುರಿಯುವವರು ಇನ್ನೂ ಇದ್ದಾರೆ. ಅವರ ಗಾದಿಯೂ ಕಡೆಗೆ ಇದೇ ಬೇವಿನ ಬುಡಕ್ಕೇ ಬರುತ್ತದೆ.

ಗಾಳಿಗೆ ಕೂತ ಮೇಲೆ ಮಸ್ತಾನಮ್ಮನ ಕೆಮ್ಮು ಇಳಿದಿದೆ. ಈಗ ಅವಳಿಗೆ ಮದುವೆಯ ಮಾತು ಬರುತ್ತಿದೆ. ಹೋದ ಶುಕ್ರವಾರ ಸಿರುಗುಪ್ಪದ ಕಡೆಯವರು ಬಂದು ಹೋದರು. ಸಂಬಂಧ ತಂದವನು ಬೇರೆ ಯಾರೂ ಅಲ್ಲ, ದೊಡ್ಡಪ್ಪ ಇಮಾಮಸಾಬನೇ. ಹುಡುಗಿಗೆ ಏನೇನು ಕೊಡುತ್ತೀರಿ ಎಂದು ಅವರು ಕೇಳಿದ್ದಕ್ಕೆ ಹೊನ್ನೂರಮ್ಮ ಬೇವಿನ ಕೊಂಬೆಯತ್ತ ಕೈ ತೋರಿಸಿದ್ದಾಳೆ. ಬಂದವರು ಗೊಂದಲಕ್ಕೆ ಬಿದ್ದು, ವಿಚಾರ ಮಾಡಿ ಹೇಳುತ್ತೇವೆ ಎಂದು ಹೋಗಿದ್ದಾರೆ.

ಅವರು ಒಲ್ಲೆ ಎಂದರೆ? ಹೊನ್ನೂರಮ್ಮ ಹೆದೆಯನ್ನು ಬೆರಳಿನಿಂದ ಒಮ್ಮೆ ಒತ್ತಿ ಬಿಗಿ ನೋಡುತ್ತಾಳೆ. ಹೊರಸಿನಿಂದ ಮೌಲಾಸಾಬ ಸರಿ ಇದೆ ಎಂಬಂತೆ ತಲೆಯಾಡಿಸುತ್ತಾನೆ.

"ತವರಿಂದ ಗಾದಿ ಕೊಡೂದು ಎಲ್ಲಾರೂ ಕೊಡ್ತಾರ್ರಿ. ನನ್ನ ಮಗಳು ಬಿಲ್ಲು ಹೊತ್ತುಕೊಂಡು ಹೋಗಬೇಕು, ಅಷ್ಟ ನನ್ನ ಆಸಿ. ಬಿಲ್ಲು ಹೊಸ್ತಿಲಾ ದಾಟಬಾರದು ಅನ್ನೂ ಮನಿ ಹೊಸ್ತಿಲಾ ನನ್ನ ಮಗಳೂ ದಾಟಂಗಿಲ್ಲ."

ಸೆರಗನ್ನು ಮತ್ತೆ ಬಾಯಿಗೆ ಬಿಗಿದು ಬಡಿಗೆಯನ್ನು ಮಗಳ ಕೈಗೆ ಕೊಡುತ್ತಾಳೆ. ಮಸ್ತಾನಮ್ಮ ಹೊಡೆಯುತ್ತಾಳೆ. ನಡುವೆ ಎಲ್ಲೂ ನಿಲ್ಲುವುದಿಲ್ಲ.